ರಕ್ತ ಘಾಟಿ ಇಳಿಯಬೇಕೋ, ಯಂತ್ರ ಬೆಟ್ಟ ಹತ್ತಬೇಕೋ?

ಮಕ್ಕಳೇ, ಮೊದಲು ನನ್ನದೇ ಒಂದು ತಪ್ಪು ಹೇಳಿಕೊಂಡು ಆಮೇಲೆ ವಿಜ್ಞಾನಕ್ಕೆ ಬರ್ತೀನಿ.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಮಳೆ, ಚಳಿ ಶುರುವಾಯಿತು ಅಂದರೆ ವಾರಕ್ಕೆ ಎರಡು ದಿನ ರಜೆ. ಬಂದ ದಿನವೂ ಆಟದ ಪೀರಿಯಡ್ಡಿನಲ್ಲಿ ಬೇಲಿ ಪಕ್ಕ ಕೂತುಬಿಡುತ್ತಿದ್ದ. ಕೇಳಿದರೆ "ಮೊಣಕಾಲು ನೋಯ್ತದೆ ಸಾರ್" ಅಂತಿದ್ದ. ಒಂದು ದಿನ ಕಾಲು, ಇನ್ನೊಂದು ದಿನ ಬೆನ್ನು. ನೋವು ದಿನಕ್ಕೊಂದು ಜಾಗ ಬದಲಿಸುತ್ತದೆ ಅಂದರೆ ಅದು ಸುಳ್ಳು ನೋವೇ ಇರಬೇಕು ಅಂದುಕೊಂಡು, ಎಲ್ಲರ ಮುಂದೆ "ಸೋಮಾರಿ" ಅಂದುಬಿಟ್ಟೆ. ಆಮೇಲೆ ಒಂದು ಶಿಬಿರದಲ್ಲಿ ಅವನ ರಕ್ತ ತೆಗೆದರು. ಅದು ಘಾಟಿ ಇಳಿದು ಹೋಯಿತು. ವರದಿ ಬರಲು ವಾರಗಳೇ ಹಿಡಿದವು. ಸಿಕಲ್ ಸೆಲ್, ಅಂದರೆ ಕುಡುಗೋಲು ರಕ್ತಕಣ ರೋಗ. ವರದಿ ಬರುವಷ್ಟರಲ್ಲಿ ನಾನು ಅವನನ್ನು ಇನ್ನೂ ಎರಡು ಸಲ ಗದರಿಸಿದ್ದೆ.

ನಾನು ಬಿಎಸ್ಸಿ ಓದಿದವನು. ಆ ರೋಗದ ಹೆಸರು, ಅದರ ವಂಶವಾಹಿ, ಪನ್ನೆಟ್ ಚೌಕ ಎಲ್ಲಾ ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡವನು. ಅದು ನನ್ನ ಮುಂದಿನ ಬೆಂಚಿನಲ್ಲೇ ಕೂತಿದ್ದಾಗ ಗುರುತು ಹಿಡಿಯಲಿಲ್ಲ. ಅದಕ್ಕೇ ಈ ಲೇಖನ.

ಈ ರೋಗದಲ್ಲಿ ಆಗೋದು ಏನು? ನಮ್ಮ ಕೆಂಪು ರಕ್ತಕಣ ಸುಮಾರು 7ರಿಂದ 8 ಮೈಕ್ರೋಮೀಟರ್ ಅಗಲದ ಮೆತ್ತನೆಯ ತಟ್ಟೆ. ತನಗಿಂತ ಸಣ್ಣ ರಕ್ತನಾಳದೊಳಗೂ ಮಡಚಿಕೊಂಡು ನುಸುಳಿ ಹೋಗುತ್ತದೆ. ಅದರೊಳಗಿರುವ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲ ಇರಬೇಕು. ಈ ರೋಗದಲ್ಲಿ ಅಲ್ಲಿ ವ್ಯಾಲಿನ್ ಬಂದು ಕೂತಿರುತ್ತದೆ. ಇದನ್ನು 1956ರಲ್ಲಿ ಪತ್ತೆ ಮಾಡಿದವರು ವೆರ್ನಾನ್ ಇಂಗ್ರಾಮ್. ಅಷ್ಟು ಸಣ್ಣ ಬದಲಾವಣೆಯಿಂದ, ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಹುರಿಯಾಗುತ್ತವೆ. ಕಣ ಗಟ್ಟಿಯಾಗಿ ಕುಡುಗೋಲಿನ ಹಾಗೆ ಬಾಗುತ್ತದೆ. ಬಾಗಿದ ಕಣಗಳು ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಎಲ್ಲಿ ಸಿಕ್ಕಿಕೊಂಡವೋ ಅಲ್ಲಿ ನೋವು. ಇವತ್ತು ಮೊಣಕಾಲು, ನಾಳೆ ಬೆನ್ನು. ಚಳಿ, ನೀರು ಕಡಿಮೆ ಕುಡಿಯುವುದು, ಜ್ವರ, ಮೈ ದಣಿಯುವಷ್ಟು ಓಟ, ಇವೆಲ್ಲ ನೋವನ್ನು ಕೆರಳಿಸುತ್ತವೆ. ನನ್ನ ಹುಡುಗ ಹೇಳುತ್ತಿದ್ದುದು ಅಕ್ಷರಶಃ ನಿಜ.

ಇದು ಎಲ್ಲೋ ಆಫ್ರಿಕಾದ ಕಾಯಿಲೆ ಅಂತ ಪುಸ್ತಕ ಓದಿದವರಿಗೆ ಅನ್ನಿಸಬಹುದು. 1910ರಲ್ಲಿ ಇದನ್ನು ಮೊದಲು ವರದಿ ಮಾಡಿದ್ದು ಅಮೆರಿಕದ ಷಿಕಾಗೋದಲ್ಲಿ, ಜೇಮ್ಸ್ ಹೆರಿಕ್ ಎಂಬ ವೈದ್ಯರು. ಆದರೆ ಭಾರತದಲ್ಲಿ ಇದು ಇದೆ ಅಂತ 1952ರಲ್ಲಿ ಲೇಹ್‌ಮನ್ ಮತ್ತು ಕಟ್‌ಬುಷ್ ತೋರಿಸಿದ್ದು ಎಲ್ಲಿ ಗೊತ್ತಾ? ನಮ್ಮ ಪಕ್ಕದ ನೀಲಗಿರಿಯಲ್ಲಿ, ಇರುಳರು ಮತ್ತಿತರ ಬುಡಕಟ್ಟು ಜನರ ರಕ್ತದಲ್ಲಿ. ನಮ್ಮ ತಾಳವಾಡಿ ಬೆಟ್ಟದ ಮೇಲೆ ನಿಂತು ನೋಡಿದರೆ ಅದೇ ಕಾಡು ಮುಂದುವರಿದ ಹಾಗೆ ಕಾಣುತ್ತದೆ. ಮಲೇರಿಯಾ ಇದ್ದ ನಾಡುಗಳಲ್ಲಿ ಈ ಗುಣ ಉಳಿದುಕೊಂಡು ಬಂದಿದೆ. ತಂದೆ ತಾಯಿಯಲ್ಲಿ ಒಬ್ಬರಿಂದ ಮಾತ್ರ ಈ ವಂಶವಾಹಿ ಪಡೆದ ಮಗುವಿಗೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ ಅಂತ 1954ರಲ್ಲಿ ಆಂಟನಿ ಆಲಿಸನ್ ತೋರಿಸಿಕೊಟ್ಟರು. ಹಾಗಾಗಿ ಇದು "ಅವರ ರಕ್ತದ ದೋಷ" ಅನ್ನೋ ಮಾತು ಯಾರ ಬಾಯಲ್ಲಿ ಬಂದರೂ ನೀವು ಒಪ್ಪಬೇಡಿ. ಕಾಡಿನ ಸೊಳ್ಳೆಯ ಜೊತೆ ಸಾವಿರಾರು ವರ್ಷ ಬದುಕಿದ ಮನುಷ್ಯರ ರಕ್ತದಲ್ಲಿ ಉಳಿದ ಗುರುತು ಅದು.

ಈಗ ವಿದ್ಯುತ್ತಿಗೆ ಬರೋಣ. ಈ ರೋಗದ ಗುಟ್ಟು ಹೊರಗೆ ಬಂದದ್ದೇ ವಿದ್ಯುತ್ತಿನಿಂದ. 1949ರಲ್ಲಿ ಲೈನಸ್ ಪಾಲಿಂಗ್ ಮತ್ತು ಜೊತೆಯವರು ರೋಗಿಗಳ ಹಿಮೋಗ್ಲೋಬಿನ್ನನ್ನೂ ಆರೋಗ್ಯವಂತರದ್ದನ್ನೂ ವಿದ್ಯುತ್ ಕ್ಷೇತ್ರದಲ್ಲಿ ಇಟ್ಟು ನೋಡಿದರು. ಎರಡೂ ಬೇರೆ ಬೇರೆ ವೇಗದಲ್ಲಿ ಸರಿದವು. ಗ್ಲುಟಾಮಿಕ್ ಆಮ್ಲಕ್ಕೆ ಋಣ ಆವೇಶ ಇರುತ್ತದೆ, ವ್ಯಾಲಿನ್‌ಗೆ ಇಲ್ಲ. ಅದೇ ವ್ಯತ್ಯಾಸ. ಅಣುವನ್ನು ಹೀಗೆ ವಿದ್ಯುತ್ತಿನಲ್ಲಿ ಅಳೆಯಬಹುದಾದರೆ, ಇಡೀ ಜೀವಂತ ಕಣವನ್ನು ಅಳೆಯಬಹುದಾ?

ಅಳೆಯಬಹುದು. ಅದನ್ನು ಅದಕ್ಕೂ ಮೊದಲೇ ಮಾಡಿದವರಿದ್ದಾರೆ. ಹ್ಯೂಗೋ ಫ್ರಿಕ್ ಅಂತ ಒಬ್ಬರು, ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಕೆಲಸ ಮಾಡುತ್ತಿದ್ದವರು. ಜೀವಕೋಶದ ಒಳಗೆ ಉಪ್ಪುನೀರು, ಹೊರಗೆ ಉಪ್ಪುನೀರು, ನಡುವೆ ಕೊಬ್ಬಿನ ತೆಳು ಪೊರೆ. ಉಪ್ಪುನೀರು ವಾಹಕ, ಕೊಬ್ಬು ಅವಾಹಕ. ಎರಡು ವಾಹಕದ ನಡುವೆ ಒಂದು ಅವಾಹಕ ಇದ್ದರೆ ಅದನ್ನು ಏನಂತಾರೆ? ನೀವೇ ಹೇಳ್ತೀರಿ, ಕೆಪಾಸಿಟರ್ ಅಂತ. ಫ್ರಿಕ್ 1925ರಲ್ಲಿ ನಾಯಿಯ ರಕ್ತವನ್ನು ಪರ್ಯಾಯ ವಿದ್ಯುತ್ತಿಗೆ ಒಡ್ಡಿ, ಪೊರೆಯ ಒಂದು ಚದರ ಸೆಂಟಿಮೀಟರಿಗೆ 0.81 ಮೈಕ್ರೋಫ್ಯಾರಡ್ ಧಾರಕತೆ ಇದೆ ಅಂತ ಲೆಕ್ಕ ಹಾಕಿದರು.

ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಿ. 0.81 ಮೈಕ್ರೋಫ್ಯಾರಡ್ ಒಂದು ಚದರ ಸೆಂಟಿಮೀಟರಿಗೆ ಅಂದರೆ ಒಂದು ಚದರ ಮೀಟರಿಗೆ 0.0081 ಫ್ಯಾರಡ್. ಸಮಾಂತರ ಫಲಕಗಳ ಸೂತ್ರದ ಪ್ರಕಾರ, ಫಲಕಗಳ ನಡುವಿನ ದಪ್ಪ ಬೇಕಾದರೆ ಮಧ್ಯದ ವಸ್ತುವಿನ ವಿದ್ಯುತ್ ಅನುಮತಿಯನ್ನು ಈ ಸಂಖ್ಯೆಯಿಂದ ಭಾಗಿಸಬೇಕು. ಕೊಬ್ಬಿಗೆ ಸಾಪೇಕ್ಷ ಅನುಮತಿ 3 ಅಂತ ಇಟ್ಟುಕೊಂಡು, ಅದನ್ನು ನಿರ್ವಾತದ ಅನುಮತಿಯಿಂದ ಗುಣಿಸಿ ಭಾಗಿಸಿ ನೋಡಿ. ಸುಮಾರು 3.3 ನ್ಯಾನೋಮೀಟರ್ ಬರುತ್ತದೆ. ಫ್ರಿಕ್‌ಗೆ ಬಂದ ಉತ್ತರವೂ ಅದೇ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಹುಟ್ಟಿದ್ದು 1931ರಲ್ಲಿ. ಅದಕ್ಕೂ ಆರು ವರ್ಷ ಮೊದಲು, ಯಾರೂ ಕಣ್ಣಿಂದ ನೋಡದ ಪೊರೆಯ ದಪ್ಪವನ್ನು ಒಬ್ಬ ಮನುಷ್ಯ ವಿದ್ಯುತ್ ಅಳತೆಯಿಂದ ಹೇಳಿಬಿಟ್ಟ. ಪೊರೆಯ ಕೊಬ್ಬಿನ ಭಾಗ ಅಷ್ಟೇ ಇದೆ ಅಂತ ಆಮೇಲೆ ಗೊತ್ತಾಯಿತು. ನನಗೆ ವಿಜ್ಞಾನದಲ್ಲಿ ಇಷ್ಟವಾದ ನಾಲ್ಕೈದು ಲೆಕ್ಕಗಳಲ್ಲಿ ಇದೂ ಒಂದು. ಹತ್ತನೇ ತರಗತಿ ದಾಟಿದವರು ಯಾರು ಬೇಕಾದರೂ ಮಾಡಬಹುದು. ಯಾವ ಪಠ್ಯಪುಸ್ತಕದಲ್ಲೂ ನನಗೆ ಇದು ಸಿಕ್ಕಲಿಲ್ಲ, ಅದೇ ಬೇಜಾರು.

ಆದರೆ ಫ್ರಿಕ್ ಅಳೆದದ್ದು ಕೋಟಿಗಟ್ಟಲೆ ಕಣಗಳ ಸರಾಸರಿ. ಸಂತೆಯ ಗದ್ದಲ ಕೇಳಿ ಒಬ್ಬೊಬ್ಬರು ಏನು ಮಾತಾಡಿದರು ಅಂತ ಹೇಳಕ್ಕಾಗುತ್ತಾ? ಒಂದೊಂದೇ ಕಣವನ್ನು ಹಿಡಿಯಬೇಕು. ಆ ದಾರಿ ತೋರಿಸಿದವರು ವ್ಯಾಲೇಸ್ ಕೋಲ್ಟರ್. ಉಪ್ಪುನೀರಿರುವ ಎರಡು ಪಾತ್ರೆಗಳ ನಡುವೆ ಒಂದು ಸಣ್ಣ ತೂತು. ತೂತಿನ ಮೂಲಕ ವಿದ್ಯುತ್ ಹರಿಯುತ್ತಿರುತ್ತದೆ. ರಕ್ತಕಣ ಒಂದು ತೂತಿನಲ್ಲಿ ದಾಟುವಾಗ ಅಷ್ಟು ಜಾಗದ ಉಪ್ಪುನೀರನ್ನು ಪಕ್ಕಕ್ಕೆ ತಳ್ಳುತ್ತದೆ, ರೋಧ ಒಂದು ಕ್ಷಣ ಏರಿ ಇಳಿಯುತ್ತದೆ. ಏರಿಳಿತ ಎಷ್ಟು ಸಲ ಅಂತ ಎಣಿಸಿದರೆ ಕಣಗಳ ಸಂಖ್ಯೆ. ಏರಿಳಿತ ಎಷ್ಟು ಎತ್ತರ ಅಂತ ನೋಡಿದರೆ ಕಣದ ಗಾತ್ರ. ಇದಕ್ಕೆ 1953ರಲ್ಲಿ ಪೇಟೆಂಟ್ ಸಿಕ್ಕಿತು. ಮೊದಲ ತೂತನ್ನು ಸಿಗರೇಟು ಪ್ಯಾಕಿನ ಸೆಲ್ಲೋಫೇನ್ ಹಾಳೆಗೆ ಕಾದ ಸೂಜಿ ಚುಚ್ಚಿ ಮಾಡಿದರು ಎಂಬ ಕಥೆ ಇದೆ. ಇವತ್ತು ನೀವು ಲ್ಯಾಬಿನಲ್ಲಿ ರಕ್ತ ಕೊಟ್ಟು "ಸಿಬಿಸಿ" ಅಂತ ಬರೆದ ಚೀಟಿ ತಗೊಂಡು ಬರ್ತೀರಲ್ಲ, ಅದರಲ್ಲಿನ ಎಣಿಕೆಯ ಹಿಂದೆ ಬಹಳ ಕಡೆ ಈ ತತ್ವವೇ ಇದೆ.

ಮೈಕ್ರೋಫ್ಲೂಯಿಡಿಕ್ ಚಿಪ್ ಅಂದರೆ ಕೋಲ್ಟರ್ ತೂತಿನ ಮೊಮ್ಮಗ. ಗಾಜಿನ ತುಂಡಿನ ಮೇಲೆ ಪಾರದರ್ಶಕ ಸಿಲಿಕೋನ್ ರಬ್ಬರ್ ಅಂಟಿಸಿರುತ್ತಾರೆ. ರಬ್ಬರಿನ ಅಡಿಯಲ್ಲಿ ಕೂದಲೆಳೆಗಿಂತ ಸಣ್ಣ, ಕೆಲವೇ ಹತ್ತು ಮೈಕ್ರೋಮೀಟರ್ ಅಗಲದ ಕಾಲುವೆ. ಗಾಜಿನ ಮೇಲೆ ಲೋಹದ ತೆಳು ಪಟ್ಟಿಗಳು, ಅವೇ ವಿದ್ಯುದ್ವಾರಗಳು. ನಮ್ಮ ಹೊಲದ ಕಾಲುವೆಯಲ್ಲಿ ನೀರು ಸುಳಿ ಸುಳಿಯಾಗಿ ಹರಿಯುತ್ತದೆ. ಇಷ್ಟು ಸಣ್ಣ ಕಾಲುವೆಯಲ್ಲಿ ಸುಳಿಯೇ ಇರಲ್ಲ, ಪದರ ಪದರವಾಗಿ ಶಿಸ್ತಾಗಿ ಹೋಗುತ್ತದೆ. ಹಾಗಾಗಿ ಕಣಗಳನ್ನು ಪ್ರಾರ್ಥನೆಗೆ ನಿಲ್ಲಿಸಿದ ಹಾಗೆ ಸಾಲಾಗಿ ಕಳಿಸಬಹುದು.

ಜಾಣತನ ಇರೋದು ಆವೃತ್ತಿಯಲ್ಲಿ. ಕೆಪಾಸಿಟರ್ ಕಡಿಮೆ ಆವೃತ್ತಿಯ ವಿದ್ಯುತ್ತನ್ನು ತಡೆಯುತ್ತದೆ, ಹೆಚ್ಚಿನ ಆವೃತ್ತಿಗೆ ದಾರಿ ಬಿಡುತ್ತದೆ. ಕೆಲವು ಲಕ್ಷ ಹರ್ಟ್ಸ್‌ನಲ್ಲಿ ಅಳೆದರೆ ಪೊರೆ ಗೋಡೆಯ ಹಾಗೆ ನಿಲ್ಲುತ್ತದೆ, ನಿಮಗೆ ಗಾತ್ರ ಸಿಗುತ್ತದೆ. ಆವೃತ್ತಿಯನ್ನು ಹತ್ತಾರು ಲಕ್ಷಕ್ಕೆ ಏರಿಸಿದರೆ ಪೊರೆಯ ಗುಣ ಕಾಣಲು ಶುರು. ಇನ್ನೂ ಏರಿಸಿದರೆ ವಿದ್ಯುತ್ತು ಪೊರೆ ದಾಟಿ ಒಳಗಿನ ಕೋಶದ್ರವ್ಯದ ಸುದ್ದಿ ತರುತ್ತದೆ. ಬಣ್ಣ ಹಾಕಬೇಕಿಲ್ಲ, ಕಣವನ್ನು ಕೊಲ್ಲಬೇಕಿಲ್ಲ. ಒಂದೇ ಕಣ ದಾಟುವಾಗ ಎರಡು ಮೂರು ಆವೃತ್ತಿಗಳನ್ನು ಒಟ್ಟಿಗೇ ಕೊಟ್ಟು ಎಲ್ಲವನ್ನೂ ಒಂದೇ ಸಲಕ್ಕೆ ಓದಬಹುದು. ಸೆಕೆಂಡಿಗೆ 1000 ಕಣ ದಾಟಿಸಿದರೂ, ಒಂದು ಮೈಕ್ರೋಲೀಟರ್ ರಕ್ತದ 50 ಲಕ್ಷ ಕೆಂಪು ಕಣ ಮುಗಿಯಲು ಎಷ್ಟು ಹೊತ್ತು ಬೇಕು, ಲೆಕ್ಕ ಹಾಕಿ. ಅಷ್ಟು ಅಳೆಯುವ ಅಗತ್ಯವೇ ಇಲ್ಲ, ಕೆಲವು ಸಾವಿರ ಸಾಕು. ಆದ್ದರಿಂದ ಒಂದು ಹನಿಯೂ ಜಾಸ್ತಿಯೇ.

ಇದು ಹೊರದೇಶದ ಆಟ ಮಾತ್ರ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದ ಕಾರ್ತಿಕ್ ಮಹೇಶ್, ಮನೋಜ್ ವರ್ಮ, ಪ್ರೊಸೆನ್‌ಜಿತ್ ಸೇನ್ ಈ ಕುರಿತು 2020ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಕಣ ದಾಟುವಾಗ ಬರುವ ಸಂಕೇತದಲ್ಲಿ ಒಂದು ದಿಬ್ಬ ಇರುವ ಕಡೆ ಎರಡು ದಿಬ್ಬ ಕಾಣುವುದನ್ನು ಬಳಸಿಕೊಂಡು, ಪೊರೆಯ ಧಾರಕತೆಯನ್ನು ಸೂಕ್ಷ್ಮವಾಗಿ ಅಳೆಯಬಹುದು ಅಂತ ಅವರು ತೋರಿಸಿದರು. ಫ್ರಿಕ್ ಹಿಂದೆ ಬಿದ್ದ ಅದೇ ಸಂಖ್ಯೆ, ಈಗ ಒಂದೊಂದೇ ಕಣಕ್ಕೆ. ಸಿಕಲ್ ಕಣಗಳ ಮೇಲೂ ಕೆಲಸ ಆಗಿದೆ. ಅಮೆರಿಕದ ಫ್ಲೋರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದವರು ಚಿಪ್ಪಿನೊಳಗೆ ಆಮ್ಲಜನಕವನ್ನು ಬೇಕಾದಾಗ ಕಡಿಮೆ ಮಾಡಿ, ಕಣ ಬಾಗುವ ಮೊದಲು ಮತ್ತು ಆಮೇಲೆ ಅದರ ವಿದ್ಯುತ್ ಗುಣ ಹೇಗೆ ಬದಲಾಗುತ್ತದೆ ಅಂತ 2018ರಲ್ಲಿ ಅಳೆದು ತೋರಿಸಿದರು.

ಇಷ್ಟು ವಿಷಯ. ಇನ್ನು ನನ್ನ ಅಭಿಪ್ರಾಯ.

ಇಂಥ ಯಂತ್ರ ಬರಬೇಕಾದದ್ದು ಮೊದಲು ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಲ್ಲ, ಪಣಕಹಳ್ಳಿಯಂಥ ಕಡೆಗೆ. ಕಾರಣ ಸ್ವಾಭಿಮಾನ ಅಲ್ಲ, ದೂರ. ಖಚಿತ ಪರೀಕ್ಷೆ ಅಂದರೆ ನಮ್ಮವರು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲ, ಈರೋಡಿನ ಕಡೆ ಹೋಗಬೇಕು, ಇಲ್ಲವೇ ಚಾಮರಾಜನಗರ, ಮೈಸೂರಿನ ಕಡೆ ಮುಖ ಮಾಡಬೇಕು. ಹುಲಿ ಕಾಡಿನ ರಸ್ತೆಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ. ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜ್ ಹೋಯಿತು. ವರದಿ ತರಲು ಇನ್ನೊಂದು ದಿನ. ನಗರದವರು ಚಿಪ್ ಬಂದರೆ ಅರ್ಧ ಗಂಟೆ ಉಳಿಸ್ತಾರೆ. ಇಲ್ಲಿ ಉಳಿಯೋದು ಎರಡು ದಿನದ ಕೂಲಿ.

ಇನ್ನೊಂದು ಕಾರಣ ವಿಜ್ಞಾನದ್ದೇ. ಬಾಟಲಿಯಲ್ಲಿ ತುಂಬಿ ಕಳಿಸಿದ ಹಿಮೋಗ್ಲೋಬಿನ್ ತಣ್ಣಗಿಟ್ಟರೆ ಕೆಡದೆ ಹೋಗುತ್ತದೆ. ಆದರೆ ಜೀವಂತ ಕಣದ ಪೊರೆ, ಒಳಗಿನ ಉಪ್ಪು, ನೀರು, ಇವೆಲ್ಲ ಕಾಯ್ದಷ್ಟೂ ಬದಲಾಗುತ್ತವೆ. ಬೆಳಗ್ಗೆ ಕೊಯ್ದ ಸೊಪ್ಪನ್ನು ಸಂಜೆ ತೂಕ ಹಾಕಿದ ಹಾಗೆ. ಕಣ ಹೇಗಿದೆ ಅಂತ ನಿಜವಾಗಿ ತಿಳಿಯಬೇಕಾದರೆ ರಕ್ತ ತೆಗೆದ ಜಾಗದಲ್ಲೇ ಅಳೆಯಬೇಕು.

ಆದರೆ ಅತಿ ಆಸೆ ತೋರಿಸಲು ನನಗೆ ಇಷ್ಟ ಇಲ್ಲ. "ಒಂದು ಹನಿ ರಕ್ತದಲ್ಲಿ ನೂರಾರು ಪರೀಕ್ಷೆ" ಅಂತ ಹೇಳಿಕೊಂಡು ಅಮೆರಿಕದಲ್ಲಿ ಥೆರಾನೋಸ್ ಎಂಬ ಕಂಪನಿ 2003ರಲ್ಲಿ ಹುಟ್ಟಿತು. ಯಂತ್ರ ಹೇಳಿದಷ್ಟು ಕೆಲಸ ಮಾಡುತ್ತಿರಲಿಲ್ಲ. ಅದನ್ನು ಕಟ್ಟಿದ ಎಲಿಜಬೆತ್ ಹೋಮ್ಸ್‌ಗೆ 2022ರಲ್ಲಿ ವಂಚನೆಗಾಗಿ ಜೈಲು ಶಿಕ್ಷೆ ಆಯಿತು. ಹನಿ ರಕ್ತದ ಮಾತು ಯಾರು ಆಡಿದರೂ "ಎಷ್ಟು ಜನರ ಮೇಲೆ ನೋಡಿದಿರಿ? ಹಳೇ ವಿಧಾನದ ಜೊತೆ ಹೋಲಿಸಿದಿರಾ?" ಅಂತ ಕೇಳುವ ಅಭ್ಯಾಸ ನಿಮಗಿರಲಿ. ಈ ಚಿಪ್‌ಗಳ ವಿಷಯದಲ್ಲೂ ಅಷ್ಟೇ. ಚಿಪ್ ಅಂಚೆಚೀಟಿಯಷ್ಟು ಇರುತ್ತದೆ ನಿಜ, ಅದನ್ನು ಓದುವ ಪೆಟ್ಟಿಗೆ, ಪಂಪು, ಕಂಪ್ಯೂಟರು ಸೇರಿ ಮೇಜು ತುಂಬುತ್ತದೆ. ಫೋಟೋದಲ್ಲಿ ಚಿಪ್ ಮಾತ್ರ ತೋರಿಸ್ತಾರೆ!

ಮತ್ತೆ, ಯಾರಿಗೆ ರೋಗ, ಯಾರು ವಾಹಕರು ಅಂತ ತೀರ್ಮಾನಿಸಲು ಹಿಮೋಗ್ಲೋಬಿನ್ನನ್ನೇ ನೋಡಬೇಕು. ಶಿಬಿರದಲ್ಲಿ ಮಾಡುವ ಸುಲಭದ ಕರಗುವಿಕೆ ಪರೀಕ್ಷೆ ಅಸಹಜ ಹಿಮೋಗ್ಲೋಬಿನ್ ಇದೆ ಅಂತ ಹೇಳುತ್ತದೆ, ರೋಗಿಯನ್ನೂ ವಾಹಕನನ್ನೂ ಬೇರೆ ಮಾಡಲ್ಲ. ಅದಕ್ಕೆ ಎಲೆಕ್ಟ್ರೋಫೊರೆಸಿಸ್ ಅಥವಾ ಎಚ್‌ಪಿಎಲ್‌ಸಿ ಬೇಕು. ಹಾಗಾದರೆ ಕಣದ ವಿದ್ಯುತ್ ಅಳತೆ ಯಾತಕ್ಕೆ? ನನ್ನ ಪ್ರಕಾರ ಅದರ ನಿಜವಾದ ಬೆಲೆ ರೋಗ ಗೊತ್ತಾದ ಮೇಲೆ. ಒಂದೇ ವಂಶವಾಹಿ ಇದ್ದರೂ ಒಬ್ಬ ಮಗುವಿಗೆ ತಿಂಗಳಿಗೊಂದು ಸಲ ನೋವು, ಇನ್ನೊಬ್ಬರಿಗೆ ವರ್ಷಕ್ಕೊಂದು ಸಲ. ಹೈಡ್ರಾಕ್ಸಿಯೂರಿಯ ಮಾತ್ರೆ ಕೊಟ್ಟಾಗ ಕಣಗಳು ಸುಧಾರಿಸುತ್ತಿವೆಯೋ ಇಲ್ಲವೋ? ಆಮ್ಲಜನಕ ಕಡಿಮೆಯಾದಾಗ ಈ ಮಗುವಿನ ಕಣಗಳಲ್ಲಿ ಎಷ್ಟು ಪಾಲು ಬಾಗುತ್ತವೆ? ಕಣವನ್ನೇ ಕೇಳಿದರೆ ಮಾತ್ರ ಇದಕ್ಕೆಲ್ಲ ಉತ್ತರ. ನನ್ನ ಹುಡುಗ "ನೋವು" ಅಂದಾಗ ನಾನು ನಂಬಲಿಲ್ಲ. ಅವನ ರಕ್ತಕಣದ ಮೇಲೆ ಒಂದು ಸಂಖ್ಯೆ ಇದ್ದಿದ್ದರೆ ನಂಬುತ್ತಿದ್ದೆನೋ ಏನೋ. ಮಗುವಿನ ಮಾತಿಗಿಂತ ಯಂತ್ರದ ಮಾತನ್ನು ಬೇಗ ನಂಬುವ ಮೇಷ್ಟ್ರು ಇದ್ದಾನೆ ಅನ್ನೋದು ಒಳ್ಳೇ ಸುದ್ದಿ ಅಲ್ಲ, ಅದು ನನಗೂ ಗೊತ್ತು.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಶುರು ಮಾಡಿತು. 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷೆ ಮಾಡುವ ಗುರಿ, 2047ರ ಹೊತ್ತಿಗೆ ಇದನ್ನು ತೊಡೆದುಹಾಕುವ ಗುರಿ. ತಮಿಳುನಾಡು, ಕರ್ನಾಟಕ ಎರಡೂ ಅದರಲ್ಲಿವೆ. ಪರೀಕ್ಷೆ ಆದವರಿಗೆ ಕಾರ್ಡ್ ಕೊಡುತ್ತಾರೆ. ನಿಮ್ಮಲ್ಲಿ ಕೆಲವರ ಕೈಗೂ ಬರಬಹುದು. "ವಾಹಕ" ಅಂತ ಬರೆದಿದ್ದರೆ ಅದು ರೋಗ ಅಲ್ಲ, ಸಾಮಾನ್ಯವಾಗಿ ಬೇರೆಯವರ ಹಾಗೆಯೇ ಬದುಕಬಹುದು. ಇಬ್ಬರು ವಾಹಕರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅದು ತಿಳಿದಿರಬೇಕು ಅಷ್ಟೆ. ಆ ಕಾರ್ಡನ್ನು ನೋಡಿ ಗೆಳೆಯನಿಗೆ ಅಡ್ಡಹೆಸರು ಇಟ್ಟರೆ ನಾನು ಹೇಳಿದ "ಸೋಮಾರಿ"ಗೂ ಅದಕ್ಕೂ ವ್ಯತ್ಯಾಸ ಇಲ್ಲ.

ಇನ್ನು ಶಾಲೆಯ ಮಾತು. ನಾವು ಜೀವಕೋಶವನ್ನು ಒಂದು ಪಾಠದಲ್ಲಿ ಹೇಳ್ತೀವಿ, ವಿದ್ಯುತ್ತನ್ನು ಬೇರೆ ಪಾಠದಲ್ಲಿ. ಜೀವಕೋಶದ ಚಿತ್ರಕ್ಕೆ ಬಣ್ಣ ಹಚ್ಚಿ, ಹೆಸರು ಬರೆದು ಮುಗಿಸ್ತೀವಿ. ಓಮನ ನಿಯಮಕ್ಕೆ ತಂತಿ, ಬಲ್ಬು. ಎರಡಕ್ಕೂ ಸಂಬಂಧ ಇದೆ ಅಂತ ಯಾರೂ ಹೇಳಲ್ಲ. ನಿಮ್ಮ ನರಕೋಶದ ಪೊರೆಯ ಮೇಲೆ ಸುಮಾರು 70 ಮಿಲಿವೋಲ್ಟ್ ಇದೆ. ಕೇಳಕ್ಕೆ ಸಣ್ಣದು. ಆದರೆ ಪೊರೆಯ ದಪ್ಪ 5 ನ್ಯಾನೋಮೀಟರ್ ಅಂತ ಇಟ್ಟುಕೊಂಡರೆ ಮೀಟರಿಗೆ 1 ಕೋಟಿ 40 ಲಕ್ಷ ವೋಲ್ಟ್ ಲೆಕ್ಕ ಆಯಿತು. ಗಾಳಿಯಲ್ಲಿ ಮೀಟರಿಗೆ 30 ಲಕ್ಷ ವೋಲ್ಟ್ ಆದರೇ ಕಿಡಿ ಹಾರುತ್ತದೆ. ಈ ಒಂದು ಸಾಲನ್ನು ಪಾಠದಲ್ಲಿ ಸೇರಿಸಿದರೆ ಏನು ಗಂಟು ಹೋಗುತ್ತದೆ?

ಚಿಪ್ ನಮ್ಮ ಬೆಟ್ಟಕ್ಕೆ ಯಾವಾಗ ಬರುತ್ತದೋ ಬರಲಿ, ಅಲ್ಲಿವರೆಗೆ ಕಾಯಬೇಕಿಲ್ಲ. ನಮ್ಮ ಹೊಲದ ಆಲೂಗೆಡ್ಡೆಯೂ ಜೀವಕೋಶಗಳ ಗುಡ್ಡೆಯೇ. ಒಂದು ಹಸಿ ಗೆಡ್ಡೆ, ಒಂದೇ ಥರದ ಎರಡು ಸ್ಟೀಲ್ ಮೊಳೆ, ಒಂದು ಮಲ್ಟಿಮೀಟರ್ ಸಾಕು. ಮೊಳೆಗಳನ್ನು 2 ಸೆಂಟಿಮೀಟರ್ ದೂರದಲ್ಲಿ, ಒಂದೇ ಆಳಕ್ಕೆ ಚುಚ್ಚಿ ರೋಧ ಓದಿ. ಬೇರೆ ಬೇರೆ ಲೋಹದ ಮೊಳೆ ಹಾಕಬೇಡಿ, ಗೆಡ್ಡೆ ಬ್ಯಾಟರಿ ಆಗಿಬಿಡುತ್ತದೆ. ರೀಡಿಂಗ್ ನಿಲ್ಲದೆ ಜಾರುತ್ತಿರುತ್ತದೆ, ಮೀಟರ್ ಕೊಡುವುದು ನೇರ ವಿದ್ಯುತ್, ಮೊಳೆಯ ಸುತ್ತ ಅಯಾನುಗಳು ಗುಂಪು ಕಟ್ಟುತ್ತವೆ. ಅದಕ್ಕೆ ಪ್ರತಿ ಸಲವೂ ಚುಚ್ಚಿದ 10 ಸೆಕೆಂಡಿಗೆ ಸರಿಯಾಗಿ ಓದಿ ಬರೆಯಿರಿ. ಆಮೇಲೆ ಅದೇ ಗೆಡ್ಡೆಯನ್ನು ಬೇಯಿಸಿ, ಪೂರ್ತಿ ಆರಿಸಿ, ಮತ್ತೆ ಓದಿ. ಬಿಸಿ ಇರುವಾಗ ಓದಿದರೆ ಲೆಕ್ಕ ತಪ್ಪುತ್ತದೆ. ರೋಧ ಇಳಿದಿರುತ್ತದೆ. ಬೇಯುವಾಗ ಪೊರೆಗಳು ಹರಿದು ಒಳಗಿನ ಉಪ್ಪುನೀರು ಒಂದಾಯಿತು, ಗೋಡೆ ಇಲ್ಲದ ಮನೆ ಆಯಿತು. ಇಸ್ರೇಲಿನ ಜೆರುಸಲೇಮ್ ಹೀಬ್ರೂ ವಿಶ್ವವಿದ್ಯಾಲಯದವರು ಇದನ್ನೇ ಬಳಸಿ, 8 ನಿಮಿಷ ಬೇಯಿಸಿದ ಆಲೂಗೆಡ್ಡೆಯಿಂದ ಹಸಿ ಗೆಡ್ಡೆಗಿಂತ ಹೆಚ್ಚು ಶಕ್ತಿ ಕೊಡುವ ಬ್ಯಾಟರಿ ಮಾಡಿ 2010ರಲ್ಲಿ ಪ್ರಕಟಿಸಿದರು.

ನಮ್ಮ ತರಗತಿಯಲ್ಲಿ ಮಾಡಿದಾಗ ಒಬ್ಬ ಹುಡುಗಿ ಕೇಳಿದಳು: "ಸಾರ್, ಬೇಯಿಸದೆ ಫ್ರೀಜರಿನಲ್ಲಿ ಇಟ್ಟು ಕರಗಿಸಿದರೂ ಪೊರೆ ಹರಿಯುತ್ತಾ?" ನಮ್ಮಲ್ಲಿ ಫ್ರೀಜರ್ ಇರಲಿಲ್ಲ, ನಾನು ಉತ್ತರ ಹೇಳಲಿಲ್ಲ. ನಿಮ್ಮ ಊರಿನ ಅಂಗಡಿಯವರು ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಜಾಗ ಕೊಟ್ಟರೆ ಮಾಡಿ ನೋಡಿ. ಹಸಿಯದ್ದು, ಬೇಯಿಸಿದ್ದು, ಕರಗಿಸಿದ್ದು ಮೂರರ ರೀಡಿಂಗೂ ಒಂದು ಹಾಳೆಯಲ್ಲಿ ಬರೆದು ನಿಮ್ಮ ಮೇಷ್ಟ್ರ ಕೈಲಿ ಪತ್ರಿಕೆಗೆ ಕಳಿಸಿ. ಮೊಳೆಗಳ ನಡುವಿನ ದೂರ ಎಷ್ಟು ಅಂತ ಬರೆಯೋದು ಮರೀಬೇಡಿ.